ಸಿಎಸ್ ಜೊತೆಗೆ ಪ್ರೀ-ಮೆಡ್: ಯಾವ ದಾರಿ ಯಾರಿಗೆ?

ಕಂಪ್ಯೂಟರ್ ಸೈನ್ಸ್ (ಸಿಎಸ್) ಓದುತ್ತಲೇ ಪ್ರೀ-ಮೆಡ್, ಅಂದರೆ ಮೆಡಿಕಲ್ ಸ್ಕೂಲಿಗೆ ಬೇಕಾದ ತಯಾರಿ, ಮಾಡಲು ಆಗುತ್ತಾ? ಆಗುತ್ತೆ. ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಅದನ್ನೇ, ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಕಂಪ್ಯೂಟರ್ ಸೈನ್ಸ್ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಮಾಡಿಕೊಂಡೇ ಮೆಡಿಕಲ್ ಸ್ಕೂಲಿಗೆ ಹೋಗಬಹುದು. ನನ್ನ ಮಗಳು ಹಾಗೇ ಓದಿದಳು. ಆದರೆ ಎಂಥ ಸಿಎಸ್, ಯಾವ ವರ್ಷ, ಅದಕ್ಕೆ ತೆರಬೇಕಾದ ಬೆಲೆ ಎಷ್ಟು ಅನ್ನುವುದರಲ್ಲೇ ಎಲ್ಲ ಇದೆ.

ಹೋದ ಸಲ ಕನ್ನಡ ಕೂಟದ ಯುಗಾದಿ ಊಟಕ್ಕೆ ಸಾಲಿನಲ್ಲಿ ನಿಂತಿದ್ದೆ. ದಾವಣಗೆರೆ ಕಡೆಯ ಗೆಳತಿ ತಟ್ಟೆ ಹಿಡಿದುಕೊಂಡೇ ಶುರು ಮಾಡಿದಳು. "ಅಕ್ಕಾ, ಮಗ ಡಾಕ್ಟರ್ ಆಗ್ತೀನಿ ಅಂತಾನೆ. ನಮ್ಮನೆಯವ್ರು ಸಿಎಸ್ ಬಿಡಬೇಡ ಅಂತಾರೆ. ಎರಡೂ ತಗೊಂಡ್ಬಿಟ್ರೆ ಒಂದಾದ್ರೂ ಕೈಗೆ ಸಿಗತ್ತೆ ಅಲ್ವಾ?" ಹಿಂದಿನವರು ಒಬ್ಬಟ್ಟಿಗೆ ಕಾಯುತ್ತಿದ್ದರು. ಅಲ್ಲಿ ಹೇಳಿ ಮುಗಿಸಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪಿಸಿಎಂಬಿ ಲೆಕ್ಕ ಇಲ್ಲಿ ನಡೆಯಲ್ಲ

ನಮ್ಮ ತಲೆಯಲ್ಲಿ ಇನ್ನೂ ಪಿಯುಸಿ ಕೂತಿದೆ. ಪಿಸಿಎಂಬಿ ತಗೊಂಡರೆ ಎರಡೂ ಕಡೆ ಹೋಗಬಹುದು, ಪಿಸಿಎಂಸಿ ತಗೊಂಡರೆ ಮೆಡಿಕಲ್ ಆಸೆ ಬಿಡಬೇಕು ಅಂತ ಕೇಳಿಕೊಂಡು ಬೆಳೆದವರು ನಾವು. ಹದಿನಾರು ವರ್ಷಕ್ಕೇ ತೀರ್ಮಾನ ಆಗಿಹೋಗುತ್ತಿತ್ತು. ಆ ಹೆದರಿಕೆಯನ್ನೇ ಇಲ್ಲಿಗೂ ಹೊತ್ತು ತಂದಿದ್ದೇವೆ.

ಇಲ್ಲಿ ಮೆಡಿಕಲ್ ಸ್ಕೂಲು ಶುರುವಾಗುವುದೇ ಡಿಗ್ರಿ ಮುಗಿದ ಮೇಲೆ. ನಾಲ್ಕು ವರ್ಷ ಡಿಗ್ರಿ, ನಾಲ್ಕು ವರ್ಷ ಎಂಡಿ (ಇಲ್ಲಿ ಡಾಕ್ಟರ್ ಆಗುವ ಮೂಲ ಡಿಗ್ರಿಯೇ ಅದು), ಆಮೇಲೆ 3ರಿಂದ 7 ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಹೆಚ್ಚಿನ ಕಾಲೇಜುಗಳಲ್ಲಿ ಪ್ರೀ-ಮೆಡ್ ಅಂತ ಒಂದು ಮೇಜರ್ ಇರುವುದೇ ಇಲ್ಲ. ಅದು ಕೋರ್ಸುಗಳ ಒಂದು ಪಟ್ಟಿ, ಅಷ್ಟೇ. ಆ ಪಟ್ಟಿ ಮುಗಿಸಿದರೆ ಮೇಜರ್ ಸಂಗೀತವಾದರೂ ಆದೀತು, ಚರಿತ್ರೆಯಾದರೂ ಆದೀತು.

ಪಟ್ಟಿ ಹೀಗಿದೆ. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಇವು ನಾಲ್ಕೂ ಲ್ಯಾಬ್ ಸಮೇತ ಒಂದೊಂದು ವರ್ಷ. ಬಯೋಕೆಮಿಸ್ಟ್ರಿ ಒಂದು ಸೆಮಿಸ್ಟರ್. ಜೊತೆಗೆ ಸ್ಟ್ಯಾಟಿಸ್ಟಿಕ್ಸ್, ಇಂಗ್ಲಿಷ್ ಬರವಣಿಗೆ. 2015ರಲ್ಲಿ ಎಂಕ್ಯಾಟ್ (ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆ) ಬದಲಾದ ಮೇಲೆ ಸೈಕಾಲಜಿ, ಸೋಶಿಯಾಲಜಿಯೂ ಬೇಕು. ಸ್ಕೂಲಿಂದ ಸ್ಕೂಲಿಗೆ ಅಲ್ಪಸ್ವಲ್ಪ ವ್ಯತ್ಯಾಸ ಇರುತ್ತದೆ. ನಾನು ಲೆಕ್ಕ ಹಾಕಿದಾಗ ಒಟ್ಟು 50 ಕ್ರೆಡಿಟ್ ಹತ್ತಿರ ಬಂತು. ಡಿಗ್ರಿಗೆ ಬೇಕಾದದ್ದು 120.

ಸಿಎಸ್ಸಿನ ಪಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಎರಡಕ್ಕೂ ಸೇರುವುದು ಕ್ಯಾಲ್ಕ್ಯುಲಸ್, ಸ್ಟ್ಯಾಟಿಸ್ಟಿಕ್ಸ್, ಕೆಲವು ಕಡೆ ಫಿಸಿಕ್ಸ್. ಅಷ್ಟೇ. ಬಯಾಲಜಿ ಮೇಜರ್ ಮಕ್ಕಳಿಗೆ ಪ್ರೀ-ಮೆಡ್ ಕೋರ್ಸುಗಳಲ್ಲಿ ಬಹಳಷ್ಟು ಮೇಜರ್‌ನ ಒಳಗೇ ಬಂದುಹೋಗುತ್ತವೆ. ಸಿಎಸ್ ಮಕ್ಕಳಿಗೆ ಅವು ಹೊರಗಿಂದ ಬರುವ ಭಾರ.

ಭಾರಕ್ಕಿಂತ ತೊಂದರೆ ಕೊಡುವುದು ಸರದಿ. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್ ಆಗದೆ ಆರ್ಗ್ಯಾನಿಕ್ ಇಲ್ಲ. ಆರ್ಗ್ಯಾನಿಕ್ ಆಗದೆ ಬಯೋಕೆಮಿಸ್ಟ್ರಿ ಇಲ್ಲ. ಐದು ಸೆಮಿಸ್ಟರ್ ಒಂದರ ಹಿಂದೊಂದು. ಸಿಎಸ್‌ನಲ್ಲೂ ಹಾಗೇ: ಮೊದಲ ಪ್ರೋಗ್ರಾಮಿಂಗ್ ಕೋರ್ಸು, ಡೇಟಾ ಸ್ಟ್ರಕ್ಚರ್ಸ್, ಆಮೇಲೆ ಆಲ್ಗರಿದಮ್ಸ್, ಆಪರೇಟಿಂಗ್ ಸಿಸ್ಟಮ್ಸ್. ಸಿಂಗಲ್ ಲೈನಿನಲ್ಲಿ ಎರಡು ಗಾಡಿ ಓಡಿಸಿದ ಹಾಗೆ. ಎಲ್ಲೋ ಒಂದು ಸ್ಟೇಷನ್ನಿನಲ್ಲಿ ಒಂದು ಗಾಡಿ ಕ್ರಾಸಿಂಗಿಗೆ ಕಾಯಲೇಬೇಕು. ಯಾವುದು ಕಾಯಬೇಕು ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಇಲ್ಲ.

ಮಗಳ ಎರಡನೇ ವರ್ಷದ ಒಂದು ಮಂಗಳವಾರ ನನಗೆ ಇವತ್ತಿಗೂ ಬಾಯಿಪಾಠ. ಬೆಳಗ್ಗೆ ಆರ್ಗ್ಯಾನಿಕ್ ಪಾಠ. ಅದು ಮುಗಿದು ಹತ್ತು ನಿಮಿಷದಲ್ಲಿ ಕ್ಯಾಂಪಸ್ಸಿನ ಇನ್ನೊಂದು ತುದಿಯಲ್ಲಿ ಕಂಪ್ಯೂಟರ್ ಆರ್ಕಿಟೆಕ್ಚರ್. ಮಧ್ಯಾಹ್ನ ಒಂದರಿಂದ ನಾಲ್ಕು ಕೆಮಿಸ್ಟ್ರಿ ಲ್ಯಾಬ್, ಅದಕ್ಕೆ ಕ್ರೆಡಿಟ್ ಒಂದೇ. ರಾತ್ರಿ 11:59ಕ್ಕೆ ಪ್ರೋಗ್ರಾಮಿಂಗ್ ಪ್ರಾಜೆಕ್ಟ್ ಕಳಿಸಬೇಕು. ಪ್ರೋಗ್ರಾಮನ್ನು ತಾನೇ ಪರೀಕ್ಷಿಸುವ ಆಟೋಗ್ರೇಡರ್ ಒಂದು ಟೆಸ್ಟ್ ಕೇಸಿಗೆ ಕೆಂಪು ತೋರಿಸುತ್ತಲೇ ಇದೆ. ಬುಧವಾರ ಬೆಳಗ್ಗೆ ಲ್ಯಾಬ್ ರಿಪೋರ್ಟ್ ಕೊಡಬೇಕು. ಹನ್ನೊಂದೂವರೆಗೆ ಫೋನ್ ಮಾಡಿ, "ಅಮ್ಮಾ, ಊಟ ಮಾಡಿದ್ನಾ ಇಲ್ವಾ ಅಂತ ನೆನಪಾಗ್ತಿಲ್ಲ" ಅಂದಳು. ನಾನೂ ಅದೇ ಕೋಡಿಂಗ್ ಕೆಲಸದವಳು. ನಗಬೇಕೋ ಬೈಯಬೇಕೋ ಗೊತ್ತಾಗಲಿಲ್ಲ.

ಜಿಪಿಎ: ನಿಜವಾದ ಬೆಲೆ ಇಲ್ಲಿದೆ

ದಯವಿಟ್ಟು ಈ ಭಾಗವನ್ನು ನಿಧಾನವಾಗಿ ಓದಿ. ನಮ್ಮಲ್ಲಿ ಹೆಚ್ಚಿನ ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲದ್ದು ಇದೇ. ನನಗೂ ಗೊತ್ತಿರಲಿಲ್ಲ.

ವರ್ಷಕ್ಕೆ 50 ಸಾವಿರಕ್ಕೂ ಹೆಚ್ಚು ಜನ ಎಂಡಿ ಸ್ಕೂಲುಗಳಿಗೆ ಅರ್ಜಿ ಹಾಕುತ್ತಾರೆ. ಸೇರುವವರು ಸುಮಾರು 23 ಸಾವಿರ. ಸೇರಿದವರ ಸರಾಸರಿ ಜಿಪಿಎ (4ಕ್ಕೆ ಲೆಕ್ಕ ಹಾಕುವ ಗ್ರೇಡು ಸರಾಸರಿ) 3.8ರ ಹತ್ತಿರ, ಎಂಕ್ಯಾಟ್ ಸರಾಸರಿ 528ಕ್ಕೆ 512ರ ಹತ್ತಿರ. ಬಿ ಗ್ರೇಡುಗಳನ್ನು ಇಟ್ಟುಕೊಂಡು ಆರಾಮವಾಗಿ ದಾಟುವ ಹೊಳೆ ಅಲ್ಲ ಇದು.

ಹೆಚ್ಚಿನ ಎಂಡಿ ಸ್ಕೂಲುಗಳಿಗೆ ಅರ್ಜಿ ಹೋಗುವುದು ಆಮ್ಕಾಸ್ ಅನ್ನುವ ವ್ಯವಸ್ಥೆಯ ಮೂಲಕ. ಅಲ್ಲಿ ಮುಖ್ಯವಾದವು ಎರಡು ಜಿಪಿಎ. ಒಂದು ಒಟ್ಟಾರೆ ಜಿಪಿಎ. ಇನ್ನೊಂದು ಸೈನ್ಸ್ ಜಿಪಿಎ. ಬಯಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್ ಇವು ನಾಲ್ಕೇ ಅದರೊಳಗೆ. ಕಂಪ್ಯೂಟರ್ ಸೈನ್ಸ್ ಅಲ್ಲಿಲ್ಲ. "ಉಳಿದದ್ದು" ಅನ್ನುವ ಗುಂಪಿಗೆ, ಇಂಗ್ಲಿಷ್ ಚರಿತ್ರೆಗಳ ಪಕ್ಕಕ್ಕೆ ಹೋಗಿ ಬೀಳುತ್ತದೆ. ಆಪರೇಟಿಂಗ್ ಸಿಸ್ಟಮ್ಸ್‌ನಲ್ಲಿ ರಾತ್ರಿಯೆಲ್ಲ ಕೂತು ಎ ತಗೊಂಡರೂ ಸೈನ್ಸ್ ಜಿಪಿಎ ಒಂದು ಕೂದಲೆಳೆಯಷ್ಟೂ ಏರಲ್ಲ. ಬಿ ಬಂದರೆ ಮಾತ್ರ ಒಟ್ಟಾರೆ ಜಿಪಿಎ ಇಳಿಯುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. 90 ಕ್ರೆಡಿಟ್‌ನಲ್ಲಿ 3.8 ಇರುವ ಹುಡುಗ ಐದು ಸಿಎಸ್ ಕೋರ್ಸು ತಗೊಂಡ, ತಲಾ ನಾಲ್ಕು ಕ್ರೆಡಿಟ್. ಐದರಲ್ಲೂ ಬಿ (ಅಂದರೆ 3.0) ಬಂತು. ಒಟ್ಟಾರೆ 3.65ಕ್ಕೆ ಇಳಿಯಿತು. ಸಿಎಸ್ ಇಂಟರ್‌ವ್ಯೂನಲ್ಲಿ 3.65 ಕಂಡು ಯಾರೂ ಹುಬ್ಬೇರಿಸುವುದಿಲ್ಲ. ಮೆಡಿಕಲ್ ಅರ್ಜಿಯಲ್ಲಿ ಅದು ಸರಾಸರಿಯ ಕೆಳಗೆ. "ಸಿಎಸ್ ಕಷ್ಟ ಅಂತ ಅವರಿಗೂ ಗೊತ್ತಿರುತ್ತೆ, ಸ್ವಲ್ಪ ವಿನಾಯಿತಿ ಕೊಡ್ತಾರೆ" ಅನ್ನುವ ಮಾತು ಪಾರ್ಟಿಗಳಲ್ಲಿ ಕೇಳುತ್ತೀರಿ. ಬೇರೆ ತರದ ಮೇಜರ್ ಅಂತ ಒಂದು ಕುತೂಹಲದ ನೋಟ ಸಿಗಬಹುದು. ಅದನ್ನು ನಂಬಿ ಜಿಪಿಎ ಕಳೆದುಕೊಳ್ಳಬೇಡಿ.

ಇದಕ್ಕೊಂದು ಚಿಕ್ಕ ಉಪಾಯ ಇದೆ. ಡಿಸ್ಕ್ರೀಟ್ ಮ್ಯಾಥ್ಸ್, ಲೀನಿಯರ್ ಆಲ್ಜೀಬ್ರಾ, ಪ್ರಾಬಬಿಲಿಟಿ ಇವನ್ನು ಸಿಎಸ್ ವಿಭಾಗದಲ್ಲೂ ಕೊಡುತ್ತಾರೆ, ಮ್ಯಾಥ್ಸ್ ವಿಭಾಗದಲ್ಲೂ ಕೊಡುತ್ತಾರೆ. ಮೇಜರ್ ಒಪ್ಪಿದರೆ ಮ್ಯಾಥ್ಸ್ ವಿಭಾಗದ್ದನ್ನೇ ತಗೊಳ್ಳಲಿ. ಓದು ಹೆಚ್ಚುಕಡಿಮೆ ಅದೇ, ಆದರೆ ಗ್ರೇಡು ಸೈನ್ಸ್ ಜಿಪಿಎ ಒಳಗೆ ಬರುತ್ತದೆ. ಇನ್ನೊಂದು ಎಚ್ಚರಿಕೆ: ಕೋರ್ಸನ್ನು ಎರಡನೇ ಸಲ ತಗೊಂಡರೆ ಕಾಲೇಜು ಹಳೆಯ ಗ್ರೇಡನ್ನು ಅಳಿಸಿದರೂ ಆಮ್ಕಾಸ್ ಅಳಿಸುವುದಿಲ್ಲ. ಎರಡನ್ನೂ ಎಣಿಸುತ್ತದೆ.

ಈಗ ದಾರಿಗಳು

ಸಿಎಸ್ ಬಿಎಸ್ (ಬ್ಯಾಚುಲರ್ ಆಫ್ ಸೈನ್ಸ್), ಎಂಜಿನಿಯರಿಂಗ್ ಕಾಲೇಜಿನ ಒಳಗೆ. ನಾನು ಪ್ರೀ-ಮೆಡ್ ಮಕ್ಕಳಿಗೆ ಇದನ್ನು ಹೇಳುವುದೇ ಇಲ್ಲ. ಎಂಜಿನಿಯರಿಂಗ್ ಕೋರ್ಸುಗಳೇ ಎಷ್ಟೋ ಕಡೆ 80 ಕ್ರೆಡಿಟ್ ದಾಟುತ್ತವೆ. ಅದರ ಮೇಲೆ ಆರ್ಗ್ಯಾನಿಕ್, ಬಯಾಲಜಿ, ಬಯೋಕೆಮಿಸ್ಟ್ರಿ ಹೇರಿದರೆ ಸೆಮಿಸ್ಟರಿಗೆ 18 ಕ್ರೆಡಿಟ್, ಬೇಸಿಗೆಯಲ್ಲೂ ಕ್ಲಾಸು. ಮಾಡಿದವರು ಇದ್ದಾರೆ. ಅವರು ಏನು ಮಾಡಿದ್ದರೂ ಪಾಸಾಗುತ್ತಿದ್ದರು.

ಸಿಎಸ್ ಬಿಎ. ಮಗಳು ಕೊನೆಗೆ ಹಿಡಿದ ದಾರಿ ಇದು. "ಬಿಎನಾ?" ಅಂತ ಊರಲ್ಲಿ ನನ್ನ ಅತ್ತೆ ಮೂರು ಸಲ ಕೇಳಿದರು. ಅವರ ಕಿವಿಗೆ ಬಿಎ ಅಂದರೆ ಸೀಟು ಸಿಗದವರು ಓದುವ ಕೋರ್ಸು. ಇಲ್ಲಿ ಹಾಗಲ್ಲ. ರಟ್ಗರ್ಸ್‌ನಂಥ ಯೂನಿವರ್ಸಿಟಿಗಳಲ್ಲಿ ಕಂಪ್ಯೂಟರ್ ಸೈನ್ಸಿಗೆ ಬಿಎ, ಬಿಎಸ್ ಎರಡೂ ಇವೆ. ಬರ್ಕ್ಲಿಯ ಸಿಎಸ್ ಡಿಗ್ರಿಯೇ ಬಿಎ. ಅಲ್ಲಿ ಬಿಎಸ್ ಬೇಕಾದವರು ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಎಂಜಿನಿಯರಿಂಗ್-ಕಂಪ್ಯೂಟರ್ ಸೈನ್ಸ್ ಮೇಜರ್, ಇಇಸಿಎಸ್‌ಗೆ ಹೋಗುತ್ತಾರೆ. ಬಿಎನಲ್ಲಿ ಮೂಲ ಕೋರ್ಸುಗಳು ಅವೇ, ಕಡ್ಡಾಯದ ಎಲೆಕ್ಟಿವ್‌ಗಳು ಕಡಿಮೆ. ಉಳಿದ ಜಾಗಕ್ಕೆ ಪ್ರೀ-ಮೆಡ್ ಕೂರುತ್ತದೆ. ಸೈಕಾಲಜಿ, ಸೋಶಿಯಾಲಜಿ, ಬರವಣಿಗೆ ಇವು ಹೇಗೂ ಜನರಲ್ ಎಜುಕೇಶನ್ ಲೆಕ್ಕಕ್ಕೆ ಬರುತ್ತವೆ. ಕೆಲಸಕ್ಕೆ ಅರ್ಜಿ ಹಾಕಿದಾಗ ಬಿಎ ಯಾಕೆ ಅಂತ ಅವಳನ್ನು ಯಾರೂ ಕೇಳಲಿಲ್ಲ. ನಾನು ಕೂಡ ಇಂಟರ್‌ವ್ಯೂ ಮಾಡುವವಳು, ಇವತ್ತಿನವರೆಗೆ ಯಾರನ್ನೂ ಕೇಳಿಲ್ಲ.

ಬಯಾಲಜಿ ಮೇಜರ್, ಸಿಎಸ್ ಮೈನರ್. ಮನಸ್ಸು ಮುಕ್ಕಾಲು ಪಾಲು ಡಾಕ್ಟರ್ ಕಡೆ ಇದ್ದರೆ ಇದೇ ಸರಿ. ಮೈನರ್ ಅಂದರೆ ಐದಾರು ಕೋರ್ಸು. ಡೇಟಾ ಸ್ಟ್ರಕ್ಚರ್ಸ್‌ವರೆಗೆ ಹೋಗಿ, ಡೇಟಾಬೇಸ್ ಅಥವಾ ಮಷೀನ್ ಲರ್ನಿಂಗ್ ಒಂದನ್ನು ಮುಟ್ಟಿಬರಬಹುದು. ಪೈಥಾನ್, ಸ್ವಲ್ಪ ಆರ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಬಂದರೆ ಯಾವ ರಿಸರ್ಚ್ ಲ್ಯಾಬೂ ಬಾಗಿಲು ತೆಗೆಯುತ್ತದೆ. ಕುಂದು ಏನೆಂದರೆ, ಮೆಡಿಕಲ್ ಸೀಟು ಸಿಗದಿದ್ದರೆ ಕೈಯಲ್ಲಿರುವುದು ಬಯಾಲಜಿ ಡಿಗ್ರಿ. ಅದೊಂದನ್ನೇ ಹಿಡಿದು ಕೆಲಸ ಹುಡುಕುವುದು ಕಷ್ಟ. ಕೆಲವು ದೊಡ್ಡ ಯೂನಿವರ್ಸಿಟಿಗಳಲ್ಲಿ ಮೇಜರ್ ಅಲ್ಲದವರಿಗೆ ಸಿಎಸ್ ಕ್ಲಾಸಿನಲ್ಲಿ ಜಾಗವೇ ಸಿಗುವುದಿಲ್ಲ. ಸೇರುವ ಮೊದಲು ವಿಚಾರಿಸಿ.

ಎರಡೂ ಸೇರಿದ ಮೇಜರ್. ಎಂಐಟಿಯಲ್ಲಿ ಕಂಪ್ಯೂಟರ್ ಸೈನ್ಸ್ ಮತ್ತು ಮಾಲಿಕ್ಯುಲರ್ ಬಯಾಲಜಿ ಒಂದೇ ಮೇಜರ್, ಅಲ್ಲಿನವರು ಅದನ್ನು 6-7 ಅನ್ನುತ್ತಾರೆ. ಕಾರ್ನೆಗಿ ಮೆಲನ್‌ನಲ್ಲಿ ಕಂಪ್ಯೂಟೇಶನಲ್ ಬಯಾಲಜಿ ಕಂಪ್ಯೂಟರ್ ಸೈನ್ಸ್ ಸ್ಕೂಲಿನ ಒಳಗೇ ಇದೆ. ನಾರ್ತ್‌ಈಸ್ಟರ್ನ್‌ನಲ್ಲಿ ಸಿಎಸ್ ಜೊತೆ ಬಯಾಲಜಿ. ಇಲಿನಾಯ್ ಅರ್ಬಾನಾ-ಶಾಂಪೇನ್‌ನಲ್ಲಿ ಸಿಎಸ್ ಜೊತೆ ಕೆಮಿಸ್ಟ್ರಿ. ನನ್ನನ್ನು ಕೇಳಿದರೆ ಕಾಗದದ ಮೇಲೆ ಇವೇ ಎಲ್ಲಕ್ಕಿಂತ ಚೆನ್ನ. ಬಯಾಲಜಿ, ಕೆಮಿಸ್ಟ್ರಿಗಳಲ್ಲಿ ಒಂದಷ್ಟು ಮೇಜರ್ ಒಳಗೇ ಬರುತ್ತದೆ, ಆ ಗ್ರೇಡುಗಳು ಸೈನ್ಸ್ ಜಿಪಿಎಗೂ ಸೇರುತ್ತವೆ. ಆದರೆ ಈ ಕಾಲೇಜುಗಳಲ್ಲಿ ಸೀಟು ಸಿಗುವುದೇ ದೊಡ್ಡ ಮಾತು. ಸಿಕ್ಕಿದ ಮೇಲೆ ಪಕ್ಕದಲ್ಲಿ ಕೂತವರೆಲ್ಲ ಗಟ್ಟಿ ಕುಳಗಳು, ಎ ಗ್ರೇಡು ಸುಲಭಕ್ಕೆ ಬರುವುದಿಲ್ಲ. ನಿಮ್ಮ ಸ್ಟೇಟ್ ಯೂನಿವರ್ಸಿಟಿಯಲ್ಲಿ ಬಯೋಇನ್ಫರ್ಮ್ಯಾಟಿಕ್ಸ್ ಅಂತ ಏನಾದರೂ ಇದೆಯಾ ನೋಡಿ. ಹೆಸರು ಸಣ್ಣದಾದರೂ ಕೆಲಸ ಅದೇ.

ಮೊದಲು ಸಿಎಸ್, ಆಮೇಲೆ ಪೋಸ್ಟ್-ಬ್ಯಾಕ್. ಇದನ್ನು ನಮ್ಮವರು ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಡಿಗ್ರಿ ಮುಗಿಸಿ, ಎರಡು ಮೂರು ವರ್ಷ ಕೆಲಸ ಮಾಡಿ, "ಇಲ್ಲ, ನನಗೆ ಡಾಕ್ಟರೇ ಆಗಬೇಕು" ಅನ್ನಿಸಿದರೆ ಆಗ ಪ್ರೀ-ಮೆಡ್ ಕೋರ್ಸುಗಳನ್ನಷ್ಟೇ ಓದುವುದು. ಬ್ರಿನ್ ಮಾರ್, ಗೌಚರ್‌ನಂಥ ಕಾಲೇಜುಗಳಲ್ಲಿ ಇದಕ್ಕೇ ಅಂತ ಕಾರ್ಯಕ್ರಮಗಳಿವೆ. ಹಾರ್ವರ್ಡ್ ಎಕ್ಸ್‌ಟೆನ್ಶನ್ ಸ್ಕೂಲಿನಲ್ಲಿ ಸಂಜೆ ತರಗತಿಗಳು. ಹಗಲು ಕೆಲಸ ಮಾಡುತ್ತಾ ಓದಬಹುದು. ಖರ್ಚು ಜಾಸ್ತಿ, ಎರಡು ಮೂರು ವರ್ಷ ತಡ. ಆದರೆ ಒಂದು ಸಲಕ್ಕೆ ಒಂದೇ ಗಾಡಿ ಓಡುತ್ತದೆ. ಕೆಮಿಸ್ಟ್ರಿ ಗ್ರೇಡು ಹಾಳಾಗುವುದಿಲ್ಲ, ಕೈಯಲ್ಲಿ ಸ್ವಂತ ದುಡ್ಡು ಇರುತ್ತದೆ. ಹದಿನೆಂಟು ವರ್ಷದ ಮಗು "ಗೊತ್ತಿಲ್ಲ" ಅಂದರೆ ನನ್ನ ಮಟ್ಟಿಗೆ ಇದು ಗೌರವದ ಉತ್ತರ. ನಮಗೇ ತಾಳ್ಮೆ ಇಲ್ಲ.

ಹೈಸ್ಕೂಲಿಂದಲೇ ಸೇರುವ ಬಿಎಸ್-ಎಂಡಿ ಕಾರ್ಯಕ್ರಮಗಳ ಬಗ್ಗೆ ಜಾಸ್ತಿ ಹೇಳಲ್ಲ. ಸೀಟು ಬೆರಳೆಣಿಕೆ. ಬ್ರೌನ್ ಯೂನಿವರ್ಸಿಟಿಯ ಎಂಟು ವರ್ಷದ ಪಿಎಲ್‌ಎಂಇಯಲ್ಲಿ ಮೇಜರ್ ಯಾವುದಾದರೂ ಆಗಬಹುದು, ಎಂಕ್ಯಾಟ್ ಬೇಡ. ಅಲ್ಲಿ ಸಿಕ್ಕಿದ ಮಗು ಸಿಎಸ್ ಓದದೆ ಇದ್ದರೆ ನನಗೇ ಬೇಜಾರು.

ಬೇಸಿಗೆ ಯಾರದು?

ಕ್ರೆಡಿಟ್ ಲೆಕ್ಕ ಎಲ್ಲರೂ ಹಾಕುತ್ತಾರೆ. ಬೇಸಿಗೆ ರಜೆಯ ಲೆಕ್ಕ ಯಾರೂ ಹಾಕುವುದಿಲ್ಲ. ಕಾಲೇಜಿನ ನಾಲ್ಕು ವರ್ಷದ ನಡುವೆ ಇರುವುದು ಮೂರೇ ಬೇಸಿಗೆ.

ಸಿಎಸ್ ಮಕ್ಕಳಿಗೆ ಬೇಸಿಗೆ ಅಂದರೆ ಇಂಟರ್ನ್‌ಶಿಪ್. ಮುಂದಿನ ಬೇಸಿಗೆಯದಕ್ಕೆ ಹಿಂದಿನ ಆಗಸ್ಟ್-ಸೆಪ್ಟೆಂಬರ್‌ನಲ್ಲೇ ಅರ್ಜಿ ಹಾಕಬೇಕು. ಜೊತೆಗೆ ಕೋಡಿಂಗ್ ಇಂಟರ್‌ವ್ಯೂಗೆ ತಿಂಗಳುಗಟ್ಟಲೆ ತಯಾರಿ. ಪ್ರೀ-ಮೆಡ್ ಮಕ್ಕಳಿಗೆ ಬೇಸಿಗೆ ಅಂದರೆ ಆಸ್ಪತ್ರೆಯಲ್ಲಿ ಸ್ವಯಂಸೇವೆ, ಡಾಕ್ಟರ ಹಿಂದೆ ನಿಂತು ನೋಡುವ ಶ್ಯಾಡೋಯಿಂಗ್, ಲ್ಯಾಬಿನಲ್ಲಿ ರಿಸರ್ಚ್, ಎಂಕ್ಯಾಟ್ ಓದು. ಆ ಪರೀಕ್ಷೆಗೆ ವಿರಾಮ ಸೇರಿ ಏಳೂವರೆ ಗಂಟೆ ಕೂರಬೇಕು. ಅರ್ಧ ಮನಸ್ಸಿನಿಂದ ಓದಿ ಬರೆಯುವ ಪರೀಕ್ಷೆ ಅಲ್ಲ ಅದು.

ಡಿಗ್ರಿ ಮುಗಿದ ತಕ್ಷಣ ಮೆಡಿಕಲ್ ಸೇರಬೇಕೆಂದರೆ ಮೂರನೇ ವರ್ಷ ಮುಗಿದ ಜೂನ್‌ನಲ್ಲೇ ಅರ್ಜಿ ಹೋಗಬೇಕು. ಅಷ್ಟರೊಳಗೆ ಎಂಕ್ಯಾಟ್ ಮುಗಿದಿರಬೇಕು. ಅಂದರೆ ಪ್ರೀ-ಮೆಡ್ ಪಟ್ಟಿಗೆ ನಾಲ್ಕಲ್ಲ, ಮೂರೇ ವರ್ಷ. ಸಿಎಸ್ ಜೊತೆ ಇದು ಉಸಿರು ಕಟ್ಟಿಸುತ್ತದೆ. ಹಾಗಾಗಿ ಸಿಎಸ್ ಜೊತೆ ಪ್ರೀ-ಮೆಡ್ ಅಂದರೆ ಒಂದು ಗ್ಯಾಪ್ ವರ್ಷ ಇದ್ದೇ ಇರುತ್ತದೆ ಅಂತ ಮೊದಲೇ ಇಟ್ಟುಕೊಳ್ಳಿ. ಇದರಲ್ಲಿ ನಾಚಿಕೆ ಏನಿಲ್ಲ. ಈಗ ಎಂಡಿ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕಡಿಮೆ ಅಂದರೂ ಒಂದು ವರ್ಷ ಬಿಟ್ಟು ಸೇರಿದವರೇ. ಊರಲ್ಲಿ ವರ್ಷ ಹಾಳಾಯಿತು ಅನ್ನುತ್ತಾರಲ್ಲ, ಇಲ್ಲಿ ಅದು ಹಾಳಲ್ಲ. ಬಯಾಲಜಿ ಮಕ್ಕಳು ಆ ವರ್ಷ ಕಡಿಮೆ ಸಂಬಳಕ್ಕೆ ಲ್ಯಾಬ್ ಕೆಲಸ ಮಾಡುತ್ತಾರೆ. ಸಿಎಸ್ ಮಕ್ಕಳಿಗೆ ಆ ವರ್ಷದ ಸಂಬಳದಲ್ಲಿ ಅರ್ಜಿ ಖರ್ಚೂ ಹೋಗಿ ಒಂದಿಷ್ಟು ಉಳಿಯುತ್ತದೆ.

ಮಗಳು ಎರಡನೇ ಬೇಸಿಗೆಯಲ್ಲಿ ಇಂಟರ್ನ್‌ಶಿಪ್ ಬಿಟ್ಟು ಒಂದು ಎಮರ್ಜೆನ್ಸಿ ವಾರ್ಡಿನಲ್ಲಿ ಸ್ಕ್ರೈಬ್ ಕೆಲಸಕ್ಕೆ ಹೋದಳು. ಡಾಕ್ಟರ್ ರೋಗಿಯ ಜೊತೆ ಮಾತಾಡುತ್ತಿರುವಾಗ ಪಕ್ಕದಲ್ಲಿ ನಿಂತು ಟೈಪ್ ಮಾಡುವುದು. ಮೊದಲ ವಾರ ಮನೆಗೆ ಬಂದು ಹೇಳಿದ್ದು ರೋಗದ ಬಗ್ಗೆ ಅಲ್ಲ. "ಅಮ್ಮಾ, ನರ್ಸ್ ಒಂದು ಸ್ಕ್ರೀನ್ ನೋಡಿ ನಂಬರ್‌ನ ಕೈ ಮೇಲೆ ಪೆನ್ನಲ್ಲಿ ಬರ್ಕೊಂಡು ಇನ್ನೊಂದು ಸ್ಕ್ರೀನಿಗೆ ಹೋಗಿ ಟೈಪ್ ಮಾಡ್ತಾರೆ!" ನನಗೆ ಅದು ಸುಮ್ನೆ ತಮಾಷೆ ಅನ್ನಿಸಿತು. ಅವಳು ನಗಲಿಲ್ಲ. ಯಾವ ಎರಡು ಸಿಸ್ಟಮ್, ಯಾಕೆ ಮಾತಾಡಿಕೊಳ್ಳಲ್ಲ ಅಂತ ಆ ರಾತ್ರಿಯೆಲ್ಲ ಹುಡುಕುತ್ತಾ ಕೂತಳು. ಸಿಎಸ್ ಅವಳಿಗೆ ಬರೀ ಬ್ಯಾಕಪ್ ಅಲ್ಲ ಅಂತ ನನಗೆ ಗೊತ್ತಾಗಿದ್ದು ಅವತ್ತು.

ವೀಸಾ ಮನೆಗಳಿಗೆ ಬೇರೆಯದೇ ಲೆಕ್ಕ

ಗ್ರೀನ್ ಕಾರ್ಡ್ ಸಾಲಿನಲ್ಲಿ ಹತ್ತು ಹದಿನೈದು ವರ್ಷದಿಂದ ನಿಂತಿರುವ ಕನ್ನಡದ ಮನೆಗಳು ಎಷ್ಟೋ ಇವೆ. ಅಂಥವರು ಮೇಲೆ ಹೇಳಿದ್ದಕ್ಕಿಂತ ಮೊದಲು ಇದನ್ನು ನೋಡಬೇಕು.

ಎಚ್-4ನಲ್ಲಿ, ಅಂದರೆ ಅಪ್ಪ ಅಮ್ಮನ ಕೆಲಸದ ವೀಸಾಕ್ಕೆ ಅಂಟಿಕೊಂಡ ವೀಸಾದಲ್ಲಿ, ಇರುವ ಮಗುವಿಗೆ ಸಂಬಳದ ಕೆಲಸ ಮಾಡುವ ಹಾಗಿಲ್ಲ. ಸಿಎಸ್ ಇಂಟರ್ನ್‌ಶಿಪ್ ಕೈಗೆ ಬಂದರೂ ಸೇರುವಂತಿಲ್ಲ. 21 ತುಂಬಿದರೆ ಎಚ್-4 ಮುಗಿಯಿತು, ಎಫ್-1 ವಿದ್ಯಾರ್ಥಿ ವೀಸಾಗೆ ಬದಲಾಗಬೇಕು. ಎಫ್-1ನಲ್ಲಿ ಒಂದು ಶೈಕ್ಷಣಿಕ ವರ್ಷ ಆದಮೇಲೆ ಓದಿಗೆ ಸಂಬಂಧಪಟ್ಟ ಇಂಟರ್ನ್‌ಶಿಪ್‌ಗೆ ಅವಕಾಶ ಇದೆ. ಡಿಗ್ರಿ ಮುಗಿದ ಮೇಲೆ 12 ತಿಂಗಳ ಒಪಿಟಿ (ಓದಿಗೆ ಸಂಬಂಧಪಟ್ಟ ಕೆಲಸ ಮಾಡುವ ಅನುಮತಿ), ಸಿಎಸ್ ಸ್ಟೆಮ್ (ವಿಜ್ಞಾನ-ತಂತ್ರಜ್ಞಾನದ) ಡಿಗ್ರಿ ಆದ್ದರಿಂದ ಇನ್ನೂ 24 ತಿಂಗಳು.

ಮೆಡಿಕಲ್ ಕಡೆ ಬಾಗಿಲು ಇನ್ನೂ ಚಿಕ್ಕದು. ಬಹಳಷ್ಟು ಎಂಡಿ ಸ್ಕೂಲುಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇರುವವರನ್ನು ಮಾತ್ರ ತಗೊಳ್ಳುತ್ತವೆ. ಬೇರೆಯವರನ್ನು ತಗೊಳ್ಳುವ ಕೆಲವು ಸ್ಕೂಲುಗಳು ಓದಿನ ಪೂರ್ತಿ ಖರ್ಚಿಗೆ ಹಣ ಇದೆ ಅಂತ ಮೊದಲೇ ತೋರಿಸಿ ಅನ್ನುತ್ತವೆ. ಸರ್ಕಾರದ ಸಾಲವೂ ಇಲ್ಲ. ಇಂಥ ಮನೆಯ ಮಗುವಿಗೆ ಸಿಎಸ್ ಡಿಗ್ರಿ ನಿಜಕ್ಕೂ ಬೇಕಾದ ಆಸರೆ. ಬಯಾಲಜಿ ಮೇಜರ್ ತಗೊಂಡು ಎಂಡಿ ಒಂದನ್ನೇ ನಂಬಿ ಕೂರುವುದು ಇವರಿಗೆ ಅಪಾಯ. ಇವರಿಗೆ ನಾನು ಸಿಎಸ್ ಬಿಎ ಅಥವಾ ಸೇರಿದ ಮೇಜರ್ ಅಂತಲೇ ಹೇಳುತ್ತೇನೆ. ಕಾರ್ಡ್ ಬಂದ ಮೇಲೆ ಪೋಸ್ಟ್-ಬ್ಯಾಕ್ ದಾರಿ ಇದ್ದೇ ಇದೆ.

"ಊರಿಗೆ ಕಳಿಸಿ ಎಂಬಿಬಿಎಸ್ ಮಾಡಿಸಿದ್ರೆ?" ಅಂತಲೂ ಕೇಳುತ್ತಾರೆ. ಐದೂವರೆ ವರ್ಷದಲ್ಲಿ ಮುಗಿಯುತ್ತದೆ, ನಿಜ. ಆದರೆ ನೀಟ್ ಬರೆಯಬೇಕು. ಮುಗಿಸಿ ಇಲ್ಲಿಗೆ ಬಂದರೆ ವಿದೇಶದಲ್ಲಿ ಓದಿದ ಡಾಕ್ಟರ್ ಅನ್ನುವ ಸಾಲಿನಲ್ಲಿ ರೆಸಿಡೆನ್ಸಿಗೆ ನಿಲ್ಲಬೇಕು. ಸಿಎಸ್ ಜೊತೆ ಹೋಲಿಸುವ ಮಾತೇ ಅಲ್ಲ ಅದು, ಬೇರೆಯದೇ ಬದುಕು.

ದುಡ್ಡು

2025ರ ಜುಲೈಯಲ್ಲಿ ಬಂದ ಕಾನೂನಿನಿಂದ ಸಾಲದ ಲೆಕ್ಕ ಬದಲಾಗಿದೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಮಾಡುವವರಿಗೆ ಗ್ರ್ಯಾಡ್ ಪ್ಲಸ್ ಅನ್ನುವ ಸರ್ಕಾರಿ ಸಾಲ ಇಲ್ಲ. ಮೆಡಿಕಲ್‌ನಂಥ ಓದಿಗೆ ಸರ್ಕಾರದ ಸಾಲ ವರ್ಷಕ್ಕೆ 50 ಸಾವಿರ ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಖಾಸಗಿ ಮೆಡಿಕಲ್ ಸ್ಕೂಲಿನಲ್ಲಿ ಫೀಸು, ಬಾಡಿಗೆ, ಊಟ ಸೇರಿ ವರ್ಷದ ಖರ್ಚು ಇದನ್ನು ಆರಾಮವಾಗಿ ದಾಟುತ್ತದೆ. ಮಿಕ್ಕಿದ್ದಕ್ಕೆ ಬ್ಯಾಂಕಿನ ಸಾಲ, ಇಲ್ಲವಾದರೆ ಅಪ್ಪ ಅಮ್ಮನ ಜೇಬು. ನ್ಯೂಯಾರ್ಕ್ ಯೂನಿವರ್ಸಿಟಿಯ ಗ್ರಾಸ್‌ಮನ್, ಬ್ರಾಂಕ್ಸ್‌ನ ಐನ್‌ಸ್ಟೈನ್ ಥರ ಟ್ಯೂಷನ್ ತಗೊಳ್ಳದ ಸ್ಕೂಲುಗಳಿವೆ, ಆದರೆ ಅಲ್ಲಿಗೆ ಎಲ್ಲರ ಕಣ್ಣೂ ಇದೆ. ಹಾಗಾಗಿ ಡಿಗ್ರಿಯನ್ನು ಸ್ಟೇಟ್ ಯೂನಿವರ್ಸಿಟಿಯಲ್ಲಿ ಕಡಿಮೆ ಖರ್ಚಲ್ಲಿ ಮುಗಿಸಿ, ಎರಡು ವರ್ಷ ಸಿಎಸ್ ಕೆಲಸ ಮಾಡಿ ಸೇರುವುದು ಮೊದಲಿಗಿಂತ ಈಗ ಹೆಚ್ಚು ಅರ್ಥವುಳ್ಳ ಮಾತು.

ಆದರೆ ಸಿಎಸ್ ಕೆಲಸವೂ ಈಗ ಮರದಿಂದ ಬೀಳುವ ಹಣ್ಣಲ್ಲ. 2022ರ ಕೊನೆಯಿಂದ ದೊಡ್ಡ ಕಂಪನಿಗಳು ಸಾವಿರಾರು ಜನರನ್ನು ಮನೆಗೆ ಕಳಿಸಿದ್ದನ್ನು ನಮ್ಮ ಬೀದಿಯಲ್ಲೇ ನೋಡಿದ್ದೇವೆ. ಹೊಸಬರಿಗೆ ಕೆಲಸ ಸಿಗುವುದು ತಡವಾಗುತ್ತಿದೆ. ಬೇಸಿಗೆಯೆಲ್ಲ ಆಸ್ಪತ್ರೆಯಲ್ಲಿ ಕಳೆದು, ಒಂದೂ ಇಂಟರ್ನ್‌ಶಿಪ್ ಇಲ್ಲದ ಸಿಎಸ್ ಡಿಗ್ರಿಗೆ ಕಂಪನಿಗಳು ಮಣೆ ಹಾಕುವುದಿಲ್ಲ. ಗೆಳತಿಗೆ ನಾನು ಹೇಳಬೇಕಿದ್ದದ್ದು ಇದೇ. ಎರಡೂ ತಗೊಂಡರೆ ಒಂದಾದರೂ ಸಿಗುತ್ತೆ ಅನ್ನುವುದು ನಮ್ಮ ಆಸೆ. 3.5 ಜಿಪಿಎ, ಇಂಟರ್ನ್‌ಶಿಪ್ ಇಲ್ಲ, ಆಸ್ಪತ್ರೆ ಅನುಭವವೂ ಅರ್ಧಂಬರ್ಧ, ಇದು ಎರಡು ದೋಣಿಯಲ್ಲಿ ಕಾಲಿಟ್ಟ ಮಗುವಿನ ನಿಜವಾದ ಚಿತ್ರ. ನೋಡಿದ್ದೇನೆ.

ಹಾಗಾದರೆ ಸಿಎಸ್ ಯಾಕೆ ಬೇಕು?

ಬರೀ ಬ್ಯಾಕಪ್‌ಗೆ ಅಲ್ಲದೆ ಇಷ್ಟಪಟ್ಟು ಓದಿದರೆ ಅದು ವೈದ್ಯಕೀಯದ ಒಳಗೇ ಬೆಲೆ ಬಾಳುತ್ತದೆ. ಕ್ಲಿನಿಕಲ್ ಇನ್ಫರ್ಮ್ಯಾಟಿಕ್ಸ್ (ಆಸ್ಪತ್ರೆಯ ಮಾಹಿತಿ, ಕಂಪ್ಯೂಟರ್ ವ್ಯವಸ್ಥೆಗಳನ್ನು ನೋಡಿಕೊಳ್ಳುವ ವೈದ್ಯ ಶಾಖೆ) ಅನ್ನುವುದಕ್ಕೆ 2011ರಲ್ಲಿ ಉಪ-ವಿಶೇಷತೆಯ ಮಾನ್ಯತೆ ಸಿಕ್ಕಿತು, 2013ರಲ್ಲಿ ಮೊದಲ ಪರೀಕ್ಷೆ ನಡೆಯಿತು. ರೆಸಿಡೆನ್ಸಿ ಆದಮೇಲೆ ಎರಡು ವರ್ಷದ ಫೆಲೋಶಿಪ್. ಎಫ್‌ಡಿಎ (ಔಷಧ, ವೈದ್ಯಕೀಯ ಸಾಧನಗಳಿಗೆ ಅನುಮತಿ ಕೊಡುವ ಸರ್ಕಾರಿ ಸಂಸ್ಥೆ) ಪಟ್ಟಿಯಲ್ಲಿ ಕೃತಕ ಬುದ್ಧಿಮತ್ತೆ ಬಳಸುವ ವೈದ್ಯಕೀಯ ಸಾಧನಗಳು ಸಾವಿರ ದಾಟಿವೆ. ಅವುಗಳಲ್ಲಿ ಬಹುಪಾಲು ರೇಡಿಯಾಲಜಿಯವು. ಅವನ್ನು ನಂಬಬೇಕಾ ಬೇಡವಾ ಅಂತ ಹೇಳಬಲ್ಲ ಡಾಕ್ಟರುಗಳು ಬೇಕು.

ಎಂಜಿನಿಯರಿಂಗ್ ಮನಸ್ಸಿನವರಿಗೇ ಅಂತ ಮೆಡಿಕಲ್ ಸ್ಕೂಲುಗಳೂ ಬಂದಿವೆ. ಇಲಿನಾಯ್‌ನ ಕಾರ್ಲ್ ಇಲಿನಾಯ್ ಕಾಲೇಜಿಗೆ ಮೊದಲ ತಂಡ ಸೇರಿದ್ದು 2018ರಲ್ಲಿ. ಟೆಕ್ಸಸ್ ಎ ಅಂಡ್ ಎಂ ಹ್ಯೂಸ್ಟನ್‌ನಲ್ಲಿ 2019ರಲ್ಲಿ ಎನ್‌ಮೆಡ್ ಶುರು ಮಾಡಿತು. ನಾಲ್ಕು ವರ್ಷದಲ್ಲಿ ಎಂಡಿ ಜೊತೆ ಎಂಜಿನಿಯರಿಂಗ್ ಮಾಸ್ಟರ್ಸ್ ಕೂಡ. ರಿಸರ್ಚ್ ಹುಚ್ಚು ಇದ್ದರೆ ಎಂಡಿ-ಪಿಎಚ್‌ಡಿ ಇದೆ. ಏಳೆಂಟು ವರ್ಷ ಹಿಡಿಯುತ್ತದೆ, ಆದರೆ ಎನ್‌ಐಎಚ್ (ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆ) ನೆರವಿನ ಕಾರ್ಯಕ್ರಮಗಳಲ್ಲಿ ಫೀಸೂ ಇಲ್ಲ, ಮೇಲೆ ಸ್ಟೈಪೆಂಡ್.

ರುಚಿ ನೋಡಬೇಕಾದರೆ ದುಡ್ಡು ಬೇಕಿಲ್ಲ. ಬಾಸ್ಟನ್‌ನ ಬೆತ್ ಇಸ್ರೇಲ್ ಆಸ್ಪತ್ರೆಯ ಐಸಿಯು ರೋಗಿಗಳ ದಾಖಲೆಗಳನ್ನು ಗುರುತು ಅಳಿಸಿ ಎಂಐಟಿಯವರು ಮಿಮಿಕ್ ಅನ್ನುವ ಹೆಸರಲ್ಲಿ ಇಟ್ಟಿದ್ದಾರೆ. ಒಂದು ಚಿಕ್ಕ ಆನ್‌ಲೈನ್ ತರಬೇತಿ ಮುಗಿಸಿ, ಷರತ್ತಿಗೆ ಸಹಿ ಹಾಕಿ ಅನುಮತಿ ಪಡೆದರೆ ವಿದ್ಯಾರ್ಥಿಗಳೂ ಬಳಸಬಹುದು. ಒಂದು ಚಳಿಗಾಲದ ರಜೆ ಅದರ ಜೊತೆ ಕೂತರೆ ತನಗೆ ಇಷ್ಟವಾದದ್ದು ಡೇಟಾನೋ, ಡೇಟಾದ ಹಿಂದಿರುವ ರೋಗಿಯೋ ಅಂತ ಮಗುವಿಗೇ ಗೊತ್ತಾಗುತ್ತದೆ. ಡೇಟಾನೇ ಇಷ್ಟ ಅಂದರೆ ಎಂಡಿಯೇ ಬೇಡ, ಬಯೋಮೆಡಿಕಲ್ ಇನ್ಫರ್ಮ್ಯಾಟಿಕ್ಸ್ ಮಾಸ್ಟರ್ಸ್ ಸಾಕು. ಎಷ್ಟು ವರ್ಷ, ಎಷ್ಟು ದುಡ್ಡು ಉಳಿಯಿತು ನೋಡಿ.

ಈ ಆಗಸ್ಟಿಗೆ ಏನು ಮಾಡಬೇಕು

ಗೆಳತಿಯ ಮಗ ಈ ಸಲ ಕಾಲೇಜಿಗೆ ಸೇರುತ್ತಿದ್ದಾನೆ. ಅವನಿಗೆ ನಾನು ಬರೆದುಕೊಟ್ಟ ಮೊದಲ ಸೆಮಿಸ್ಟರ್: ಲ್ಯಾಬ್ ಸಮೇತ ಜನರಲ್ ಕೆಮಿಸ್ಟ್ರಿ, ಮೊದಲ ಪ್ರೋಗ್ರಾಮಿಂಗ್ ಕೋರ್ಸು, ಕ್ಯಾಲ್ಕ್ಯುಲಸ್, ಇಂಗ್ಲಿಷ್ ಬರವಣಿಗೆ. ಇಷ್ಟೇ. ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ ಕೆಮಿಸ್ಟ್ರಿ ಪರೀಕ್ಷೆಯಲ್ಲಿ 5ಕ್ಕೆ 5 ಬಂದಿದೆ, ಜನರಲ್ ಕೆಮಿಸ್ಟ್ರಿ ಬಿಟ್ಟುಬಿಡ್ಲಾ ಅಂದ. ಬಿಡಬೇಡ ಅಂದೆ. ಎಪಿ ಕ್ರೆಡಿಟ್ ಒಪ್ಪದ ಮೆಡಿಕಲ್ ಸ್ಕೂಲುಗಳಿವೆ, ಅಲ್ಲದೆ ಮೊದಲ ಸೆಮಿಸ್ಟರಿಗೆ ಒಂದು ಗಟ್ಟಿ ಎ ಬೇಕು.

ಮೇಲೆ ಹೇಳಿದ ಎಲ್ಲ ದಾರಿಗೂ ಈ ಸೆಮಿಸ್ಟರ್ ಹೊಂದುತ್ತದೆ. ಒಂದೇ ಒಂದು ತೊಡಕು: ಅರ್ಜಿಯಲ್ಲಿ ಮೇಜರ್ ಏನು ಬರೆದಿದ್ದಾನೆ ಅನ್ನುವುದು. ಸಿಎಸ್‌ಗೆ ನೇರ ಸೀಟು ಕೊಡುವ ಯೂನಿವರ್ಸಿಟಿಗಳಲ್ಲಿ ಹೊರಗಿನಿಂದ ಸಿಎಸ್ ಒಳಗೆ ಬರುವುದು ತುಂಬಾ ಕಷ್ಟ, ಸಿಎಸ್ ಬಿಟ್ಟು ಹೊರಗೆ ಹೋಗುವುದು ಸಲೀಸು. ಅದಕ್ಕೇ ಸ್ವಲ್ಪವಾದರೂ ಆಸೆ ಇದ್ದರೆ ಸಿಎಸ್ ಅಂತಲೇ ಬರೆಯುವುದು ಜಾಣತನ.

ಇನ್ನೊಂದು ಮಾತು. ಸಿಎಸ್ ವಿಭಾಗದ ಅಡ್ವೈಸರ್‌ಗೆ ಪ್ರೀ-ಮೆಡ್ ಗೊತ್ತಿರುವುದಿಲ್ಲ. ಪ್ರೀ-ಹೆಲ್ತ್ ಆಫೀಸು ಬೇರೆ ಇರುತ್ತದೆ. ಮಗಳ ಕಾಲೇಜಿನಲ್ಲಿ ಒಬ್ಬರು ಬಯೋಕೆಮಿಸ್ಟ್ರಿ ಕೊನೆಯ ವರ್ಷ ತಗೋ ಪರವಾಗಿಲ್ಲ ಅಂದರು. ಅದನ್ನು ನಂಬಿ ಎಂಕ್ಯಾಟ್ ಒಂದು ವರ್ಷ ಮುಂದಕ್ಕೆ ಹೋಯಿತು. ಇಬ್ಬರನ್ನೂ ಮೊದಲ ತಿಂಗಳಲ್ಲೇ ನೋಡಿ ಬರಲಿ, ನಾಲ್ಕು ವರ್ಷದ ಪಟ್ಟಿಯನ್ನು ಇಬ್ಬರಿಗೂ ತೋರಿಸಲಿ.

ತೀರ್ಮಾನವನ್ನು ಮೂರನೇ ಸೆಮಿಸ್ಟರಿನ ಅಕ್ಟೋಬರ್‌ವರೆಗೆ ಮುಂದೆ ಹಾಕು ಅಂತ ಹುಡುಗನಿಗೆ ಹೇಳಿದ್ದೇನೆ. ಆಗ ಮೊದಲ ಆರ್ಗ್ಯಾನಿಕ್ ಪರೀಕ್ಷೆಯೂ ಬಂದಿರುತ್ತದೆ, ಡೇಟಾ ಸ್ಟ್ರಕ್ಚರ್ಸ್ ಪ್ರಾಜೆಕ್ಟುಗಳೂ ಬಂದಿರುತ್ತವೆ. ಕ್ಲಾಸು ಬಿಡುವ ಕೊನೆಯ ದಿನ ಇನ್ನೂ ದಾಟಿರುವುದಿಲ್ಲ. ಅದರೊಳಗೆ ಬಿಟ್ಟರೆ ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಡಬ್ಲ್ಯೂ (ಕೋರ್ಸು ಬಿಟ್ಟದ್ದರ ಗುರುತು) ಕಾಣುತ್ತದೆ, ಜಿಪಿಎಗೆ ಏನೂ ಆಗುವುದಿಲ್ಲ. "ಯಾವುದನ್ನ ಬಿಡೋದು ಅಂತ ಹೇಗೆ ಗೊತ್ತಾಗತ್ತೆ ಆಂಟಿ?" ಅಂತ ಕೇಳಿದ. ರಾತ್ರಿ ಹನ್ನೊಂದಕ್ಕೆ ಎರಡು ಕೆಲಸ ಬಾಕಿ ಇದ್ದಾಗ ನೀನು ಯಾವುದನ್ನ ಮೊದಲು ತೆಗೀತೀಯೋ ನೋಡ್ಕೋ ಅಂದೆ. ಗೆಳತಿ ಮಧ್ಯೆ ಬಾಯಿ ಹಾಕಿ, "ಅವ್ನು ಫೋನ್ ತೆಗೀತಾನೆ ಅಕ್ಕಾ" ಅಂದಳು.